ಅಂಕಿತವಿಲ್ಲದ ಹಾಡುಗಳು

ಮೈಸೂರಿನ ಹೆಬ್ಬಾಳದ ಬಡಾವಣೆಗಳಲ್ಲಿ ಮದುವೆಯ ಆರತಕ್ಷತೆ ನಡೆಯುವ ಸಂಜೆ, ವಾದ್ಯಗೋಷ್ಠಿಯವರು ಒಂದಾದ ಮೇಲೊಂದು ಹಾಡನ್ನೆತ್ತಿಕೊಳ್ಳುತ್ತಾರೆ. ಹಾಡಿದವರು ಯಾರೆಂದು ಕೇಳಿದರೆ ಮಕ್ಕಳೂ ಹೇಳಿಯಾರು. ಮಟ್ಟು ಹಾಕಿದವರು ಯಾರೆಂದರೆ ಹಿರಿಯರೂ ತಡವರಿಸುತ್ತಾರೆ. ದಾಸರ ಪದದ ಮಾತು ಬೇರೆ. ರಾಗ ಬದಲಾಗಲಿ, ತಾಳ ಬದಲಾಗಲಿ, ಕೊನೆಯಲ್ಲಿ ‘ಪುರಂದರವಿಠಲ’ ಎಂಬ ಅಂಕಿತ ಅಳಿಯದೆ ನಿಂತಿರುತ್ತದೆ. ಅಂಕಿತವಿಲ್ಲದೆ ಊರು ಬಿಟ್ಟ ಹಾಡಿನ ಗತಿಯೇನೆಂಬುದನ್ನು ತಿಳಿಯಲು ಯೆಹೂದ್ಯರ ಗೀತೆಗಳ ಕಥೆಯನ್ನು ಕೇಳಬೇಕು.

ಯಿದ್ದಿಷ್ ಎಂಬುದು ಪೂರ್ವ ಯೂರೋಪಿನ ಯೆಹೂದ್ಯರ ಮನೆಮಾತು. ವಲಸೆ ಬಂದ ಆ ಜನ ನ್ಯೂಯಾರ್ಕಿನಲ್ಲಿ, ನಮ್ಮ ಕಂಪೆನಿ ನಾಟಕಗಳಂತೆಯೇ ಹಾಡುಗಳಿಂದ ತುಂಬಿದ ನಾಟಕಗಳನ್ನು ಆಡುತ್ತಿದ್ದರು. 1932ರ ಅಂಥದೊಂದು ನಾಟಕಕ್ಕಾಗಿ ಶೋಲಂ ಸೆಕುಂಡಾ ‘ಬೈ ಮಿರ್ ಬಿಸ್ತು ಶೇನ್’ ಎಂಬ ಹಾಡಿಗೆ ಮಟ್ಟು ಹಾಕಿದನು. ಅನಂತರ ಅದರ ಹಕ್ಕನ್ನು ಪ್ರಕಾಶಕರಿಗೆ ಮಾರಿದನು. ದೊರೆತದ್ದು 30 ಡಾಲರು. ಅದರಲ್ಲಿಯೂ ಅರ್ಧ ಸಾಹಿತ್ಯ ಬರೆದ ಜೇಕಬ್ ಜೇಕಬ್ಸನ ಪಾಲು!

ಹಾರ್ಲೆಂನ ರಂಗಮಂದಿರದಲ್ಲಿ ಕಪ್ಪು ಜನಾಂಗದ ಗಾಯಕರಿಬ್ಬರು ಅದನ್ನು ಯಿದ್ದಿಷ್‌ನಲ್ಲಿಯೇ ಹಾಡಿದ್ದನ್ನು ತಾನು ಕೇಳಿದೆನೆಂದು ಸ್ಯಾಮಿ ಕ್ಯಾನ್ ಹೇಳಿಕೊಂಡಿದ್ದಾನೆ. ಆತ ಗೆಳೆಯನೊಡಗೂಡಿ ಇಂಗ್ಲಿಷ್ ಮಾತುಗಳನ್ನು ಹೊಂದಿಸಿದನು. 1937ರಲ್ಲಿ ಆಂಡ್ರ್ಯೂಸ್ ಸೋದರಿಯರು ಮೂವರು ಅದನ್ನು ಧ್ವನಿಮುದ್ರಿಸಿದರು. ಅಷ್ಟೇ, ಹಾಡು ಅಮೆರಿಕದಲ್ಲೆಲ್ಲ ಮನೆಮಾತಾಯಿತು. ತಟ್ಟೆಗಳು ಮಾರಿದವು, ಹಣ ಹರಿಯಿತು. ಸೆಕುಂಡಾನ ಮನೆಯ ಬಾಗಿಲಿಗೆ ಮಾತ್ರ ಅದು ಬರಲಿಲ್ಲ. ಹಕ್ಕು ಅವನಿಗೂ ಜೇಕಬ್ಸನಿಗೂ ಮರಳಿದ್ದು 1961ರಲ್ಲಿ.

ಇದೇ ಸೆಕುಂಡಾ ಸಂಗೀತ ಕೊಟ್ಟ ಇನ್ನೊಂದು ಗೀತೆ ‘ಡೋನಾ ಡೋನಾ’. ಕಟುಕನ ಬಳಿಗೆ ಬಂಡಿಯಲ್ಲಿ ಒಯ್ಯಲ್ಪಡುವ ಕರುವಿನ ವ್ಯಥೆ ಅದರಲ್ಲಿದೆ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಆ ಗೋಳು ಹೊರಗಿನದಲ್ಲ. 1960ರಲ್ಲಿ ಜೋನ್ ಬಯೆಜ್ ಇಂಗ್ಲಿಷಿನಲ್ಲಿ ಹಾಡಿದ ಬಳಿಕ ಅದು ಅವಳ ಹಾಡೆಂದೇ ಪ್ರಸಿದ್ಧವಾಯಿತು. 1950ರಲ್ಲಿ ವೀವರ್ಸ್ ತಂಡದವರು ಹಾಡಿ ಗೆದ್ದ ‘ಟ್ಸೇನಾ ಟ್ಸೇನಾ’ ಎಂಬ ಹೀಬ್ರೂ ಗೀತೆಯ ಕರ್ತೃ ಯಾರೆಂಬುದಂತೂ ನ್ಯಾಯಾಲಯದಲ್ಲಿ ತೀರ್ಮಾನವಾಗಬೇಕಾಯಿತು. ಆ ಕರ್ತೃ ಇಸಾಕರ್ ಮಿರೋನ್.

ಇವೆಲ್ಲಕ್ಕಿಂತ ಸೋಜಿಗದ್ದು 137ನೆಯ ಕೀರ್ತನೆಯ ಪ್ರಯಾಣ. ಕನ್ನಡ ಬೈಬಲ್ಲು ಯೆಹೂದ್ಯರ ಆ ಪುರಾತನ ಸ್ತುತಿಗಳನ್ನು ‘ಕೀರ್ತನೆಗಳು’ ಎಂದೇ ಕರೆದಿದೆ. ಬಾಬಿಲೋನಿನಲ್ಲಿ ಸೆರೆಯಾದವರು, ಪರದೇಶದಲ್ಲಿ ತಮ್ಮ ಹಾಡನ್ನು ಹಾಡುವುದೆಂತೆಂದು ಮರುಗಿದ ಅಳಲು ಅದು. ಜಮೈಕದ ಮೆಲೋಡಿಯನ್ಸ್ ತಂಡ 1970ರಲ್ಲಿ ಅದನ್ನು ಹೊಸ ಮಟ್ಟಿನಲ್ಲಿ ಹಾಡಿತು. 1978ರಲ್ಲಿ ಬೋನಿ ಎಂ ತಂಡದ ಕಂಠದಲ್ಲಿ ಅದು ಕುಣಿತದ ಹಾಡಾಯಿತು. ಕಣ್ಣೀರಿಗೆ ಜಗತ್ತು ಹೆಜ್ಜೆ ಹಾಕಿತು!

ಹಾಗೆಂದು ಪರರ ಹಾಡನ್ನು ತನ್ನ ನುಡಿಗೆ ತಂದುಕೊಳ್ಳುವುದು ತಪ್ಪೇ? ಖಂಡಿತ ಅಲ್ಲ. ಹಾಡು ಉಳಿಯುವುದೇ ಹಾಗೆ. ಮೈಸೂರಿನಲ್ಲಿ ಅಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ಆಂಗ್ಲ ಕವಿತೆಗಳನ್ನು ಕನ್ನಡಕ್ಕೆ ಒಗ್ಗಿಸಿ ಹೊಸ ಕಾವ್ಯಕ್ಕೇ ದಾರಿ ತೆರೆದರು. ಆದರೆ ತಮ್ಮ ಪುಸ್ತಕಕ್ಕೆ ಅವರಿಟ್ಟ ಹೆಸರನ್ನು ಗಮನಿಸಬೇಕು: ‘ಇಂಗ್ಲಿಷ್ ಗೀತಗಳು’. ಸಾಲದ ಪತ್ರವನ್ನು ಹೊದಿಕೆಯ ಮೇಲೆಯೇ ಬರೆದಂತೆ!

ನಮ್ಮ ಗೋವಿನ ಹಾಡನ್ನು ಕಟ್ಟಿದವರ ಹೆಸರನ್ನು ಕಾಲ ಮರೆಸಿತು. ಆ ನಷ್ಟವನ್ನು ಇನ್ನು ತುಂಬಲಾಗದು. ಆದರೆ ನಿನ್ನೆ ಮೊನ್ನೆ ಹುಟ್ಟಿದ ಹಾಡಿನ ಒಡೆಯನನ್ನು ಮರೆಯಲು ನಮಗೆ ಕಾಲದ ನೆಪವಿಲ್ಲ. ಹೆಬ್ಬಾಳದ ಆರತಕ್ಷತೆಯ ವೇದಿಕೆಯಿಂದ ಹಾಡಿಗೆ ಮೊದಲು ಕವಿಯ ಹೆಸರನ್ನೂ ಮಟ್ಟು ಹಾಕಿದವರ ಹೆಸರನ್ನೂ ಒಮ್ಮೆ ಹೇಳಿದರೆ, ಅರೆನಿಮಿಷವೂ ಹಿಡಿಯದು. ಅಂಕಿತವಿಲ್ಲದ ಹಾಡಿಗೆ ಅಷ್ಟೇ ಅಂಕಿತ.