180 ಲೀಟರಿನ ಲೆಕ್ಕ

ಮೂತ್ರಪಿಂಡ ಎಂದರೆ ಜರಡಿ ಎನ್ನುವುದು ಶಾಲೆಯ ಪಾಠದಿಂದಲೇ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ರಕ್ತ ಒಳಗೆ ಹೋಗುತ್ತದೆ, ಕೊಳೆ ಮೂತ್ರವಾಗಿ ಇಳಿಯುತ್ತದೆ, ಶುದ್ಧ ರಕ್ತ ಆಚೆ ಬರುತ್ತದೆ. ಕೇಳಲು ಸರಳ, ಆದರೆ ಲೆಕ್ಕ ಹಾಕಿದರೆ ಈ ಚಿತ್ರ ನಿಲ್ಲುವುದಿಲ್ಲ. ಬೆನ್ನಿನ ಕಡೆ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿರುವ ಮುಷ್ಟಿಗಾತ್ರದ ಈ ಎರಡು ಅಂಗಗಳು ಆರೋಗ್ಯವಂತ ವಯಸ್ಕರಲ್ಲಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಮೂತ್ರವಾಗಿ ಹೊರಹೋಗುವುದೋ, ಒಂದೂವರೆ ಲೀಟರ್ ಆಸುಪಾಸು. ರಕ್ತದ ನೀರಿನಂಥ ಭಾಗವಾದ ಪ್ಲಾಸ್ಮಾ ಇರುವುದೇ 3 ಲೀಟರ್. ಅಂದರೆ ಅಷ್ಟೂ ದಿನಕ್ಕೆ 60 ಸಲ ಜರಡಿಯಿಂದ ಆಚೆ ಬೀಳುತ್ತದೆ. ಬಿದ್ದದ್ದೆಲ್ಲ ಹಾಗೇ ಹರಿದುಹೋದರೆ ಅರ್ಧ ಗಂಟೆಯಲ್ಲಿ ನಮ್ಮ ಕಥೆ ಮುಗಿಯಿತು. ಆ ದ್ರವದ ಜೊತೆಗೆ ಹೆಚ್ಚುಕಡಿಮೆ ಒಂದೂವರೆ ಕಿಲೋ ಉಪ್ಪು, 180 ಗ್ರಾಂ ಸಕ್ಕರೆಯೂ ಜಾರುತ್ತವೆ. ಉಪ್ಪಿನಲ್ಲಿ ನೂರಕ್ಕೆ 99ರಷ್ಟು, ಸಕ್ಕರೆಯಲ್ಲಿ ಹೆಚ್ಚುಕಡಿಮೆ ಪೂರ್ತಿಯೂ ರಕ್ತಕ್ಕೆ ಮರಳುತ್ತವೆ. ಸೋಸುವುದಕ್ಕೆ ರಕ್ತದ ಒತ್ತಡವೇ ಸಾಕು. ಮೂತ್ರಪಿಂಡ ಬೆವರು ಸುರಿಸಿ ದುಡಿಯುವುದು ಸೋಸಿದ್ದನ್ನು ವಾಪಸು ತರುವುದರಲ್ಲಿ.

ವಿಜ್ಞಾನಿಗಳೂ ಇದನ್ನು ಸುಲಭಕ್ಕೆ ಒಪ್ಪಲಿಲ್ಲ. ಒಂದೊಂದು ಮೂತ್ರಪಿಂಡದಲ್ಲಿ ನೆಫ್ರಾನು ಎಂಬ ಸೋಸುವ ಘಟಕಗಳು ಸುಮಾರು 10 ಲಕ್ಷ ಇವೆ. ಒಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಿಕ್ಕುಬಿದ್ದ ದಾರದ ಉಂಡೆಯಂಥ ರಕ್ತನಾಳಗಳ ಗಂಟು, ಅದನ್ನು ಹಿಡಿದುಕೊಂಡ ಒಂದು ಪುಟ್ಟ ಬಟ್ಟಲು, ಬಟ್ಟಲಿನ ಬುಡದಿಂದ ಹೊರಟು ಸುರುಳಿ ಸುತ್ತಿ, ಕೆಳಗಿಳಿದು, ಮತ್ತೆ ಮೇಲೆ ಹತ್ತುವ ನಳಿಕೆ ಕಾಣುತ್ತದೆ. 1842ರಲ್ಲಿ ಲಂಡನ್ನಿನ ವಿಲಿಯಂ ಬೌಮನ್ ಈ ಬಟ್ಟಲನ್ನು ವಿವರಿಸಿದಾಗ, ಗಂಟಿನಿಂದ ಬರುವುದು ಬರೀ ನೀರು, ಕಲ್ಮಶವನ್ನು ಅದಕ್ಕೆ ಸೇರಿಸುವುದು ನಳಿಕೆ ಎಂದು ಊಹಿಸಿದರು. ಅದೇ ಕಾಲದ ಜರ್ಮನಿಯ ಕಾರ್ಲ್ ಲುಡ್ವಿಗ್ ಉಲ್ಟಾ ಹೇಳಿದರು: ಗಂಟು ಎಲ್ಲವನ್ನೂ ಸೋಸಿ ಬಿಡುತ್ತದೆ, ನಳಿಕೆ ಬೇಕಾದ್ದನ್ನು ಹೀರಿಕೊಳ್ಳುತ್ತದೆ. ವಾದ ಎಂಟು ದಶಕ ಎಳೆಯಿತು. ಕೊನೆಗೆ 1924ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೆರ್ನ್ ಮತ್ತು ರಿಚರ್ಡ್ಸ್, ಕೂದಲಿಗಿಂತ ಸಣ್ಣ ತುದಿಯ ಗಾಜಿನ ಸೂಜಿಯನ್ನು ಕಪ್ಪೆಯ ಆ ಬಟ್ಟಲಿಗೇ ಚುಚ್ಚಿ ದ್ರವ ಎಳೆದ ಪ್ರಯೋಗವನ್ನು ಪ್ರಕಟಿಸಿದರು. ಬಟ್ಟಲಿನ ದ್ರವದಲ್ಲಿ ಸಕ್ಕರೆ ಇತ್ತು, ಮೂತ್ರಕೋಶದ ಮೂತ್ರದಲ್ಲಿ ಇರಲಿಲ್ಲ. ನಡುವೆ ಇದ್ದದ್ದು ನಳಿಕೆ ಒಂದೇ.

ಇದೆಂಥ ದಡ್ಡ ವ್ಯವಸ್ಥೆ ಎಂದು ಯಾರಾದರೂ ಕೇಳಬಹುದು. ಕಸ ಎಸೆಯಲು ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ಹಾಕಿ, ಪಾತ್ರೆ, ಹಾಸಿಗೆ, ಅಕ್ಕಿಮೂಟೆಗಳನ್ನು ಮತ್ತೆ ಒಳಗೆ ಹೊತ್ತಂತೆ. ಖರ್ಚೂ ಕಮ್ಮಿಯಲ್ಲ. ದೇಹದ ತೂಕದಲ್ಲಿ ನೂರಕ್ಕೆ ಅರ್ಧದಷ್ಟೂ ಇಲ್ಲದ ಈ ಅಂಗಗಳು ಹೃದಯ ತಳ್ಳುವ ರಕ್ತದಲ್ಲಿ ಐದನೇ ಒಂದು ಪಾಲು ಪಡೆಯುತ್ತವೆ. ಅವು ಬಳಸುವ ಆಮ್ಲಜನಕದ ದೊಡ್ಡ ಪಾಲು ಸೋಡಿಯಂ ಅನ್ನು ಹಿಂದಕ್ಕೆಳೆಯಲು ವ್ಯಯವಾಗುತ್ತದೆ. ಆದರೆ ಈ ದುಬಾರಿ ವಿಧಾನಕ್ಕೊಂದು ಜಾಣತನವಿದೆ. ಎಸೆಯಬೇಕಾದ ಪ್ರತಿ ವಿಷದ ಗುರುತೂ ಮೂತ್ರಪಿಂಡಕ್ಕೆ ಬೇಕಿಲ್ಲ, ತನಗೆ ಬೇಕಾದ್ದರ ಗುರುತಿದ್ದರೆ ಸಾಕು. ಸೋಸುವಷ್ಟು ಸಣ್ಣದಾದ, ಹಿಂದೆಂದೂ ಕಾಣದ ಪದಾರ್ಥ ಬಂದರೂ ಅದನ್ನು ಯಾರೂ ಎತ್ತಿಕೊಳ್ಳದೆ ಇದ್ದರೆ ತಾನಾಗಿ ಹೊರಬೀಳುತ್ತದೆ. ಹಾಗಾದರೆ ಬೌಮನ್ ಪೂರಾ ತಪ್ಪೇ? ಅಲ್ಲ. ಕೆಲವನ್ನು ನಳಿಕೆಯೇ ಹುಡುಕಿ ಹೊರದಬ್ಬುತ್ತದೆ, ಪೆನಿಸಿಲಿನ್ ಅಂಥದ್ದು. ಆ ಔಷಧಿ ಚಿನ್ನದಷ್ಟು ದುರ್ಲಭವಾಗಿದ್ದ 1940ರ ದಶಕದ ಆರಂಭದಲ್ಲಿ ರೋಗಿಗಳ ಮೂತ್ರದಿಂದ ಅದನ್ನು ತೆಗೆದು ಮತ್ತೆ ಬಳಸಿದ್ದುಂಟು. ಆದರೂ ಇದು ಹೊಲದ ಬದುವಿನಷ್ಟೇ, ಬೆಳೆಯಿರುವ ಹೊಲ ಮರಳಿ ತರುವ ಕೆಲಸ.

ಡಯಾಲಿಸಿಸ್ ಯಂತ್ರ ಬರೀ ಸೋಸಿಯೇ ಜೀವ ಉಳಿಸುತ್ತದಲ್ಲ ಎನ್ನುವುದು ಇನ್ನೂ ಗಟ್ಟಿಯಾದ ಆಕ್ಷೇಪ. ಯಂತ್ರದ ಪೊರೆಯ ಆಚೆ ಬದಿಗೆ ಏನು ಹರಿಯುತ್ತದೆ ನೋಡಿ. ಅದು ಬರೀ ನೀರಲ್ಲ. ಸೋಡಿಯಂ, ಬೈಕಾರ್ಬನೇಟ್, ಕ್ಯಾಲ್ಸಿಯಂ ಮೊದಲಾದವನ್ನು ರಕ್ತದ ಮಟ್ಟಕ್ಕೆ ತಕ್ಕಂತೆ ಮೊದಲೇ ಬೆರೆಸಿಟ್ಟ ದ್ರಾವಣ, ನಾಲ್ಕು ಗಂಟೆಯ ಒಂದು ಸರದಿಗೆ ಸಾಮಾನ್ಯವಾಗಿ 120 ಲೀಟರ್. ವಾಪಸು ತರಲು ಬಾರದ ಯಂತ್ರ, ಬೇಕಾದವು ಸೋರಿಹೋಗದಂತೆ ಹೀಗೆ ಮುಂಚೆಯೇ ತಡೆ ಹಾಕಿಕೊಳ್ಳುತ್ತದೆ. ಅಷ್ಟು ಮಾಡಿದರೂ ರೋಗಿ ನೀರನ್ನು ಅಳೆದು ಕುಡಿಯಬೇಕು, ಎಳನೀರು ಕಂಡರೆ ಪೊಟ್ಯಾಸಿಯಮ್ಮಿಗೆ ಹೆದರಬೇಕು. ಇನ್ನು, ಬಿಂದಿಗೆಗಟ್ಟಲೆ ನೀರು ಕುಡಿದು ಕಿಡ್ನಿ ತೊಳೆಯುವ ಉಪದೇಶ. ಕಲ್ಲಿನ ತೊಂದರೆ ಇದ್ದವರಿಗೆ ಹೆಚ್ಚು ನೀರು ಒಳ್ಳೆಯದೇ. ಆದರೆ ದಿನವೂ 180 ಲೀಟರ್ ಹರಿಯುವ ಕಡೆ ಇನ್ನೆರಡು ಲೀಟರ್ ಸುರಿದು ತೊಳೆಯುವುದು ಏನನ್ನು? ಆಗುವುದಿಷ್ಟೇ: ಮೆದುಳಿನ ಕಡೆಯಿಂದ ಬರುವ, ನೀರು ಹಿಡಿದಿಡುವ ಹಾರ್ಮೋನು ಕಮ್ಮಿಯಾಗುತ್ತದೆ, ನಳಿಕೆಯ ಕೊನೆಯ ಭಾಗ ನೀರು ಹೀರುವುದನ್ನು ತುಸು ಸಡಿಲಿಸುತ್ತದೆ, ಹೆಚ್ಚಾದದ್ದು ಹೋಗುತ್ತದೆ. ವಾಪಸಾತಿ ನೂರಕ್ಕೆ 99ರಿಂದ 98ಕ್ಕೆ ಇಳಿದರೂ ಸಾಕು, ಮೂತ್ರ ಇಮ್ಮಡಿ.

ಜರಡಿಗೂ ವಾಪಸಾತಿಗೂ ಇರುವ ವ್ಯತ್ಯಾಸ ಲ್ಯಾಬಿನ ಮೂತ್ರಪರೀಕ್ಷೆಯ ಚೀಟಿಯಲ್ಲೇ ಸಿಗುತ್ತದೆ. ಅಲ್ಬುಮಿನ್ ಎಂಬ ರಕ್ತದ ಪ್ರೋಟೀನು ನಿರಂತರವಾಗಿ ಕಂಡರೆ ಸಾಮಾನ್ಯವಾಗಿ ಜರಡಿಯೇ ಹರಿಯುತ್ತಿದೆ ಎಂದರ್ಥ. ಸಕ್ಕರೆ ಕಂಡರೆ ಜರಡಿಯ ತಪ್ಪಲ್ಲ. ರಕ್ತದಲ್ಲಿ ಅದು ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದಾಗ ಎತ್ತಿಕೊಳ್ಳುವ ಕೈಗಳು ಸಾಲದೆ ಉಳಿದದ್ದು ಹರಿದುಹೋಗುತ್ತದೆ. ಮಧುಮೇಹ ಎಂಬ ಹೆಸರು ಹುಟ್ಟಿದ್ದೇ ಆ ಸಿಹಿಮೂತ್ರದಿಂದ. ಈಚೆಗೆ ಬಂದ ಡಾಪಾಗ್ಲಿಫ್ಲೋಜಿನ್ ಮೊದಲಾದ ಮಾತ್ರೆಗಳು ಬೇಕೆಂದೇ ಆ ಕೈಗಳನ್ನು ಕಟ್ಟಿಹಾಕುತ್ತವೆ. ಸಕ್ಕರೆ ಮೂತ್ರದಲ್ಲಿ ಹೋಗುತ್ತದೆ, ಗಂಟಿನ ಮೇಲಿನ ಒತ್ತಡ ತಗ್ಗುತ್ತದೆ, ಅನೇಕರಲ್ಲಿ ಮೂತ್ರಪಿಂಡ ಹೆಚ್ಚು ಕಾಲ ಬಾಳುತ್ತದೆ. ಈ ಮಾತ್ರೆ ನುಂಗುವವರ ಚೀಟಿಯಲ್ಲಿ ಸಕ್ಕರೆಯ ಮುಂದೆ ಮೂರು ನಾಲ್ಕು ಪ್ಲಸ್ ಗುರುತು ಬಿದ್ದರೆ ಡಾಕ್ಟರು ಗಾಬರಿಯಾಗುವುದಿಲ್ಲ, ಮಾತ್ರೆ ಕೆಲಸ ಮಾಡುತ್ತಿದೆ ಎಂದು ಚೀಟಿ ಮಡಿಚಿ ವಾಪಸು ಕೊಡುತ್ತಾರೆ.