ಡಾ. ರಫಿಯುದ್ದೀನ್ ಅಹಮದ್: ದಂತವೈದ್ಯಕೀಯದಿಂದ ಪ್ರಾಂತೀಯ ರಾಜಕಾರಣದವರೆಗೆ

ಬೆಂಗಳೂರಿನ ಕೋಟೆ ಪ್ರದೇಶದಲ್ಲಿ ಸರ್ಕಾರಿ ದಂತವೈದ್ಯಕೀಯ ಕಾಲೇಜು ಸ್ಥಾಪನೆಯಾದದ್ದು 1958ರಲ್ಲಿ. ನಗರವು ದಕ್ಷಿಣಕ್ಕೆ ಬೆಳೆದಂತೆ ಕುಮಾರಸ್ವಾಮಿ ಬಡಾವಣೆಯಲ್ಲಿ ದಯಾನಂದ ಸಾಗರ ದಂತವಿಜ್ಞಾನ ಕಾಲೇಜು, 1992ರಲ್ಲಿ ಜೆ.ಪಿ. ನಗರದಲ್ಲಿ ಆರ್.ವಿ. ದಂತ ಕಾಲೇಜು ತಲೆಯೆತ್ತಿದವು. ಜಯನಗರ, ಬನಶಂಕರಿಗಳ ದಂತ ಚಿಕಿತ್ಸಾಲಯಗಳ ನಾಮಫಲಕದಲ್ಲಿ ಕಾಣುವ ನೋಂದಣಿ ಸಂಖ್ಯೆಯಾಗಲಿ, ಈ ಕಾಲೇಜುಗಳಿಗೆ ದೊರೆತ ಮಾನ್ಯತೆಯಾಗಲಿ 1948ರ ದಂತವೈದ್ಯರ ಕಾಯಿದೆಯಿಂದ ರೂಪುಗೊಂಡ ವ್ಯವಸ್ಥೆಯ ಫಲ. ಆ ವ್ಯವಸ್ಥೆಗೆ ತಳಹದಿ ಹಾಕಿದವರಲ್ಲಿ ಅಗ್ರಗಣ್ಯರು ಡಾ. ರಫಿಯುದ್ದೀನ್ ಅಹಮದ್.

1890ರಲ್ಲಿ ಪೂರ್ವ ಬಂಗಾಳದಲ್ಲಿ ಜನಿಸಿದ ಅಹಮದ್ ಅಲಿಗಢದಲ್ಲಿ ಓದಿ, ಅಮೆರಿಕಕ್ಕೆ ತೆರಳಿ, 1915ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ದಂತವೈದ್ಯಕೀಯ ಪದವಿ ಪಡೆದರು. ಬೋಸ್ಟನ್ನಿನ ಮಕ್ಕಳ ದಂತ ಚಿಕಿತ್ಸಾಲಯವೊಂದರಲ್ಲಿ ಕೆಲಕಾಲ ದುಡಿದು ಸ್ವದೇಶಕ್ಕೆ ಮರಳಿದರು. ಹಲ್ಲು ಕೀಳುವುದು ಆಗ ಬಹುಮಟ್ಟಿಗೆ ಬೀದಿಬದಿಯ ಕಸುಬಾಗಿತ್ತು. ಅದನ್ನು ಕಲಿಸುವ ಕಾಲೇಜು ದೇಶದಲ್ಲಿರಲಿಲ್ಲ. 1920ರಲ್ಲಿ ಅವರು ಕಲ್ಕತ್ತಾದಲ್ಲಿ ಅಂತಹ ಮೊದಲ ಕಾಲೇಜನ್ನು ತೆರೆದರು. ಸರ್ಕಾರದ ನೆರವಿಲ್ಲದ ಆ ದಿನಗಳಲ್ಲಿ, ತಾವು ನಡೆಸುತ್ತಿದ್ದ 'ನ್ಯೂಯಾರ್ಕ್ ಸೋಡಾ ಫೌಂಟನ್' ಎಂಬ ಪಾನೀಯದಂಗಡಿಯ ಆದಾಯದಿಂದ ಕಾಲೇಜಿನ ಖರ್ಚು ತೂಗಿಸಿದರು. 1925ರಲ್ಲಿ ದಂತವೈದ್ಯಕೀಯ ನಿಯತಕಾಲಿಕೆಯೊಂದನ್ನು ಆರಂಭಿಸಿ, 1928ರಲ್ಲಿ ವಿದ್ಯಾರ್ಥಿಗಳಿಗಾಗಿ ಕೈಪಿಡಿಯನ್ನೂ ರಚಿಸಿದರು.

ಕಾಲೇಜೊಂದರಿಂದಲೇ ವೃತ್ತಿಗೆ ಗೌರವ ಬಾರದು, ಕಾನೂನಿನ ಬೆಂಬಲವೂ ಬೇಕು ಎಂಬುದು ಅವರ ಸಾರ್ವಜನಿಕ ಜೀವನದ ತಿರುಳು. ಕಲ್ಕತ್ತಾ ನಗರಸಭೆಯ ಸದಸ್ಯರಾಗಿ, ಮುಂದೆ ಆಲ್ಡರ್‌ಮನ್ ಆಗಿ ಅವರು ಆಡಳಿತದ ಒಳಹೊರಗನ್ನು ಅರಿತರು. 1939ರ ಬಂಗಾಳ ದಂತವೈದ್ಯರ ಕಾಯಿದೆಯ ಹಿಂದೆ ಅವರ ಶ್ರಮವಿತ್ತು. 1948ರ ಕಾಯಿದೆಯು ಇದನ್ನು ದೇಶವ್ಯಾಪಿಗೊಳಿಸಿತು. ಅದರಂತೆ ಪದವೀಧರರಿಗೆ ನೋಂದಣಿ ಪುಸ್ತಕದ 'ಎ' ಭಾಗ. ಪದವಿಯಿಲ್ಲದೆಯೂ ನಿಗದಿತ ದಿನಕ್ಕೆ ಮುನ್ನ ಕನಿಷ್ಠ ಐದು ವರ್ಷ ಇದನ್ನೇ ಮುಖ್ಯ ಜೀವನೋಪಾಯವಾಗಿ ನಡೆಸಿದವರಿಗೆ 'ಬಿ' ಭಾಗ. ಹಳಬರ ಅನ್ನ ಕಸಿಯದೆ ಹೊಸಬರಿಗೆ ಶಿಕ್ಷಣವನ್ನು ಕಡ್ಡಾಯಗೊಳಿಸಿದ ಈ ವಿಂಗಡಣೆ ಗಮನಾರ್ಹವಾದುದು.

1949ರಲ್ಲಿ ಅಹಮದ್ ತಮ್ಮ ಕಾಲೇಜನ್ನು ಸರ್ಕಾರಕ್ಕೆ ಒಪ್ಪಿಸಿದರು. ಅನಂತರ, ಸ್ವತಃ ವೈದ್ಯರಾಗಿದ್ದ ಬಿಧಾನ್ ಚಂದ್ರ ರಾಯ್ ಅವರ ಪಶ್ಚಿಮ ಬಂಗಾಳ ಸಂಪುಟದಲ್ಲಿ ಸಚಿವರಾಗಿ ಕೃಷಿ, ಸಹಕಾರ, ಸಮುದಾಯಾಭಿವೃದ್ಧಿ, ಪರಿಹಾರ ಹಾಗೂ ಪುನರ್ವಸತಿಯಂತಹ ಖಾತೆಗಳನ್ನು ನಿರ್ವಹಿಸಿದರು. ದೇಶವಿಭಜನೆಯಿಂದ ನಿರಾಶ್ರಿತರ ಪ್ರವಾಹವನ್ನೇ ಎದುರಿಸಿದ ರಾಜ್ಯದಲ್ಲಿ, ಪೂರ್ವ ಬಂಗಾಳದಲ್ಲೇ ಹುಟ್ಟಿದವರೊಬ್ಬರ ಪಾಲಿಗೆ ಪುನರ್ವಸತಿಯ ಹೊಣೆ ಬಂದುದು ಅರ್ಥಪೂರ್ಣ. 1964ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು, 1965ರಲ್ಲಿ ನಿಧನರಾದರು. ಅವರು ಕಟ್ಟಿದ ಕಾಲೇಜು ಇಂದು ಅವರ ಹೆಸರನ್ನೇ ಹೊತ್ತಿದೆ.

ಕರ್ನಾಟಕದಲ್ಲಿಯೂ ದಂತವೈದ್ಯರು ಶಾಸನಸಭೆ ಪ್ರವೇಶಿಸಿದ್ದಾರೆ. ಚಿಂತಾಮಣಿಯಿಂದ ಆಯ್ಕೆಯಾಗಿ 2023ರಲ್ಲಿ ಉನ್ನತ ಶಿಕ್ಷಣ ಸಚಿವರಾದ ಡಾ. ಎಂ.ಸಿ. ಸುಧಾಕರ್, ಮಂಗಳೂರು ನಗರ ಉತ್ತರದ ಡಾ. ಭರತ್ ಶೆಟ್ಟಿ ಇದಕ್ಕೆ ನಿದರ್ಶನ. ಆದರೆ ಇವರು ಬಂದದ್ದು ನೆಲೆಗೊಂಡ ವೃತ್ತಿಯೊಂದರಿಂದ. ಅಹಮದರು ಆ ವೃತ್ತಿಯನ್ನೇ ಮೊದಲು ಕಟ್ಟಬೇಕಾಯಿತು. 1948ರ ಕಾಯಿದೆಗೆ ಬದಲಾಗಿ ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯಿದೆಯನ್ನು ಅಂಗೀಕರಿಸಿತು. ವ್ಯವಸ್ಥೆಯ ಸ್ವರೂಪ ಬದಲಾದರೂ, ರೋಗಿಯ ಬಾಯಿಗೆ ಕೈಯಿಡುವವನು ಕಲಿತವನಾಗಿರಬೇಕು, ಸಮಾಜಕ್ಕೆ ಉತ್ತರದಾಯಿಯಾಗಿರಬೇಕು ಎಂಬ ಮೂಲತತ್ತ್ವ ಅಹಮದರ ಕಾಲದ್ದೇ ಆಗಿದೆ.