ಒಬಾಮಾ ಕೇರ್ ದಂಡ ಮುಂದಕ್ಕೆ ಹೋದದ್ದು ಹೇಗೆ? ಕಾಂಗ್ರೆಸ್ ಮಾಡಿದ್ದೇನು?

ನೌಕರರಿಗೆ ಆರೋಗ್ಯ ವಿಮೆ ಮಾಡಿಸದ ದೊಡ್ಡ ಕಂಪನಿಗಳಿಗೆ ಅಮೆರಿಕದಲ್ಲಿ 2014ರ ಜನವರಿಯಿಂದ ದಂಡ ಬೀಳಬೇಕಿತ್ತು. 2010ರ ಮಾರ್ಚ್ 23ರಂದು ಅಧ್ಯಕ್ಷ ಬರಾಕ್ ಒಬಾಮಾ ಸಹಿ ಹಾಕಿದ ಅಫೋರ್ಡಬಲ್ ಕೇರ್ ಆ್ಯಕ್ಟ್, ಅಂದರೆ ಒಬಾಮಾ ಕೇರ್, ಹಾಗೆಂದೇ ಹೇಳಿತ್ತು. ಆದರೆ 2013ರ ಜುಲೈ 2ರಂದು ಖಜಾನೆ ಇಲಾಖೆ ದಂಡವನ್ನು ಒಂದು ವರ್ಷ ಮುಂದಕ್ಕೆ ಹಾಕಿರುವುದಾಗಿ ಪ್ರಕಟಿಸಿತು. ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ನಲ್ಲಿ ದೊಡ್ಡ ಗದ್ದಲವೆದ್ದಿತು. ಆಗ ಹುಟ್ಟಿಕೊಂಡ ಕೆಲವು ನಂಬಿಕೆಗಳು ಇಂದಿಗೂ ಚಾಲ್ತಿಯಲ್ಲಿವೆ.

ತಪ್ಪು ಕಲ್ಪನೆ 1: ಒಬಾಮಾ ತಮ್ಮದೇ ಕಾಯ್ದೆಯನ್ನು ಪೂರ್ತಿ ಮುಂದೂಡಿದರು.

ಸತ್ಯ: ಮುಂದಕ್ಕೆ ಹೋದದ್ದು ಕಂಪನಿಗಳ ಮೇಲಿನ ದಂಡ ಮತ್ತು ಅವು ಸಲ್ಲಿಸಬೇಕಿದ್ದ ವಿವರಗಳು ಮಾತ್ರ. ಜನ ತಾವೇ ವಿಮೆ ಕೊಳ್ಳುವ ಮಾರುಕಟ್ಟೆ 2013ರ ಅಕ್ಟೋಬರ್ 1ರಂದೇ ತೆರೆಯಿತು. ಪ್ರತಿಯೊಬ್ಬ ವ್ಯಕ್ತಿಯೂ ವಿಮೆ ಹೊಂದಿರಬೇಕೆಂಬ ನಿಯಮ 2014ರಿಂದ ಜಾರಿಗೆ ಬಂತು. ಕಂಪನಿಗಳಿಗೆ ರಿಯಾಯಿತಿ, ಸಾಮಾನ್ಯರಿಗೆ ಇಲ್ಲ ಎಂಬ ಸಿಟ್ಟು ಹುಟ್ಟಿದ್ದು ಇದೇ ಕಾರಣಕ್ಕೆ. 2014ರ ಫೆಬ್ರುವರಿಯಲ್ಲಿ ಎರಡನೇ ರಿಯಾಯಿತಿಯೂ ಬಂತು. 50ರಿಂದ 99 ನೌಕರರಿರುವ ಕಂಪನಿಗಳಿಗೆ 2016ರವರೆಗೆ ಸಮಯ ಸಿಕ್ಕಿತು. ನೂರು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳು 2015ರಲ್ಲಿ ಶೇ 95ರ ಬದಲು ಶೇ 70ರಷ್ಟು ಪೂರ್ಣಾವಧಿ ನೌಕರರಿಗೆ ವಿಮೆ ಒದಗಿಸಿದರೆ ಸಾಕು ಎಂದಾಯಿತು.

ತಪ್ಪು ಕಲ್ಪನೆ 2: ಎಲ್ಲ ಮಾಲೀಕರೂ ವಿಮೆ ಕೊಡಲೇಬೇಕಿತ್ತು, ಮುಂದೂಡಿದ್ದರಿಂದ ದೇಶದ ಬಹುಪಾಲು ನೌಕರರು ವಿಮೆ ಕಳೆದುಕೊಂಡರು.

ಸತ್ಯ: ಪೂರ್ಣಾವಧಿ ಲೆಕ್ಕದಲ್ಲಿ 50ಕ್ಕಿಂತ ಕಡಿಮೆ ನೌಕರರಿರುವವರಿಗೆ ಈ ನಿಯಮವೇ ಅನ್ವಯಿಸುವುದಿಲ್ಲ. ವಾರಕ್ಕೆ 30 ಗಂಟೆ ದುಡಿದರೆ ಅದು ಪೂರ್ಣಾವಧಿ ಕೆಲಸ. ಸರ್ಕಾರದ ಲೆಕ್ಕದಂತೆ ದೇಶದ ಶೇ 96ರಷ್ಟು ಸಂಸ್ಥೆಗಳು ಈ ಮಿತಿಯೊಳಗೇ ಇದ್ದವು. ಮಿತಿ ಮೀರಿದ ಕಂಪನಿಗಳಲ್ಲೂ ಹೆಚ್ಚಿನವು ಕಾಯ್ದೆ ಬರುವ ಮೊದಲಿನಿಂದಲೇ ವಿಮೆ ಕೊಡುತ್ತಿದ್ದವು. ಹಾಗೆಂದು ಮುಂದೂಡಿಕೆ ಪುಕ್ಕಟೆಯಾಗಿ ಬರಲಿಲ್ಲ. ಇದರಿಂದ ಹತ್ತು ವರ್ಷಗಳಲ್ಲಿ ಬೊಕ್ಕಸಕ್ಕೆ ಸುಮಾರು 1,200 ಕೋಟಿ ಡಾಲರ್ ಹೊರೆ ಬೀಳುತ್ತದೆ ಎಂದು ಕಾಂಗ್ರೆಸ್‌ನದೇ ಬಜೆಟ್ ಕಚೇರಿ ಅಂದಾಜಿಸಿತು. ಅದರ ದೊಡ್ಡ ಪಾಲು, ವಸೂಲಾಗದೇ ಹೋಗುವ ದಂಡದ ಹಣ.

ತಪ್ಪು ಕಲ್ಪನೆ 3: ಕಾಯ್ದೆ ಎಂದು ಜಾರಿಯಾಗಬೇಕೆಂಬುದು ಸರ್ಕಾರಕ್ಕೆ ಬಿಟ್ಟ ವಿಚಾರ. ಗದ್ದಲಕ್ಕೆ ಅರ್ಥವೇ ಇರಲಿಲ್ಲ.

ಸತ್ಯ: ಭಾರತದ ಓದುಗರಿಗೆ ಹೀಗನಿಸುವುದು ಸಹಜ. ನಮ್ಮ ಅನೇಕ ಕಾಯ್ದೆಗಳ ಮೊದಲ ಸೆಕ್ಷನ್‌ನಲ್ಲೇ, ಸರ್ಕಾರ ಅಧಿಸೂಚನೆ ಹೊರಡಿಸಿದ ದಿನದಿಂದ ಜಾರಿ ಎಂಬ ಮಾತಿರುತ್ತದೆ. 2020ರಲ್ಲಿ ಸಂಸತ್ತು ಒಪ್ಪಿದ ಸಾಮಾಜಿಕ ಭದ್ರತಾ ಸಂಹಿತೆ ವರ್ಷಗಟ್ಟಲೆ ಜಾರಿಯಾಗದೆ ಉಳಿದದ್ದು ಇದೇ ದಾರಿಯಲ್ಲಿ. ಒಬಾಮಾ ಕೇರ್‌ನ ಸಂಗತಿ ಬೇರೆ. ಕಂಪನಿಗಳ ದಂಡ 2013ರ ಡಿಸೆಂಬರ್ 31ರ ನಂತರದ ತಿಂಗಳುಗಳಿಗೆ ಅನ್ವಯಿಸುತ್ತದೆ ಎಂದು ಕಾಂಗ್ರೆಸ್ ಕಾಯ್ದೆಯಲ್ಲೇ ಬರೆದಿತ್ತು. ತಾನು ಬರೆದ ತಾರೀಖನ್ನು ಒಂದು ಇಲಾಖೆ ಬದಲಿಸಬಹುದೇ ಎಂದು ಶಾಸಕಾಂಗ ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ತಪ್ಪು ಕಲ್ಪನೆ 4: ಕಾಂಗ್ರೆಸ್‌ನ ಸಮಿತಿ ವಿಚಾರಣೆಗೆ ಎತ್ತಿಕೊಂಡರೆ ಸರ್ಕಾರದ ನಿರ್ಧಾರ ನಿಂತುಹೋಗುತ್ತದೆ.

ಸತ್ಯ: ಸಮಿತಿಗಳು ಅಧಿಕಾರಿಗಳನ್ನು ಕರೆಸಿ ಪ್ರಶ್ನಿಸಬಹುದು, ಕಡತ ತರಿಸಬಹುದು, ಒಪ್ಪದಿದ್ದರೆ ಸಮನ್ಸ್ ಕೊಡಬಹುದು. ತಡೆಯಾಜ್ಞೆ ಕೊಡುವ ಅಧಿಕಾರ ಅವುಗಳಿಗಿಲ್ಲ. ಸಮಿತಿಯಾಗಲಿ ಒಂದೇ ಸದನವಾಗಲಿ ಆಡಳಿತದ ತೀರ್ಮಾನವನ್ನು ರದ್ದುಪಡಿಸುವುದು ಸಂವಿಧಾನಬಾಹಿರ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1983ರ ಚಡ್ಡಾ ಪ್ರಕರಣದಲ್ಲೇ ಹೇಳಿಬಿಟ್ಟಿದೆ. ಅದಕ್ಕೆ ಎರಡೂ ಸದನ ಮಸೂದೆ ಒಪ್ಪಿ ಅಧ್ಯಕ್ಷರ ಸಹಿ ಬೀಳಬೇಕು; ಅಧ್ಯಕ್ಷರು ತಿರಸ್ಕರಿಸಿದರೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು.

ಹಾಗಾದರೆ ವಿಚಾರಣೆಯಿಂದ ಬಂದದ್ದೇನು? ಕಾಂಗ್ರೆಸ್‌ನ ಕೆಳಮನೆಯಾದ ಪ್ರತಿನಿಧಿ ಸಭೆಯ ಸಮಿತಿಗಳು 2013ರ ಜುಲೈನಲ್ಲೇ ಪತ್ರ ಬರೆದವು, ವಿಚಾರಣೆ ನಡೆಸಿದವು. ಮುಂದೂಡಿಕೆಯನ್ನು ಪ್ರಕಟಿಸಿದ್ದ ತೆರಿಗೆ ನೀತಿಯ ಸಹಾಯಕ ಕಾರ್ಯದರ್ಶಿ ಮಾರ್ಕ್ ಮಜೂರ್ ಸಾಕ್ಷಿ ಹೇಳಬೇಕಾಯಿತು. ಯಾವ ಕಾನೂನಿನ ಬಲದಿಂದ ಹೀಗೆ ಮಾಡಿದಿರಿ ಎಂಬುದೇ ಮುಖ್ಯ ಪ್ರಶ್ನೆ. ತೆರಿಗೆ ಸಂಹಿತೆಯ ಸೆಕ್ಷನ್ 7805(ಎ) ಎಂದು ಇಲಾಖೆ ಉತ್ತರಿಸಿತು. ತೆರಿಗೆ ಕಾನೂನಿನ ಜಾರಿಗೆ ಅಗತ್ಯವಾದ ನಿಯಮ ಮಾಡುವ ಅಧಿಕಾರವನ್ನು ಅದು ಖಜಾನೆಗೆ ಕೊಡುತ್ತದೆ. ಹಿಂದೆಯೂ ಹೀಗೆ ಮಾಡಿದ್ದುಂಟು ಎನ್ನಲು ಇಲಾಖೆ ಕೊಟ್ಟ ನಿದರ್ಶನಗಳಲ್ಲಿ 2007ರದ್ದೂ ಒಂದು: ತೆರಿಗೆ ವಿವರ ಸಿದ್ಧಪಡಿಸಿಕೊಡುವವರ ಮೇಲಿನ ಹೊಸ ದಂಡದ ನಿಯಮಕ್ಕೆ ಬುಷ್ ಆಡಳಿತ ಕೊಟ್ಟಿದ್ದ ರಿಯಾಯಿತಿ. ಹೊಂದಿಕೊಳ್ಳಲು ಸ್ವಲ್ಪ ಕಾಲಾವಕಾಶ ಕೊಡುವುದು ಬೇರೆ, ಇಡೀ ವರ್ಷ ದಂಡವನ್ನೇ ಬಿಡುವುದು ಬೇರೆ ಎಂದು ಟೀಕಾಕಾರರು ವಾದಿಸಿದರು. ನಿರ್ಧಾರ ಬದಲಾಗಲಿಲ್ಲ. ಆದರೆ ಸರ್ಕಾರದ ಸಮರ್ಥನೆ ಏನೆಂಬುದು ಲಿಖಿತ ದಾಖಲೆಯಾಯಿತು.

ತಪ್ಪು ಕಲ್ಪನೆ 5: ಒಬಾಮಾರ ವಿರೋಧಿ ಪಕ್ಷವಾದ ರಿಪಬ್ಲಿಕನ್ನರಿಗೆ ಮುಂದೂಡಿಕೆಯೇ ಬೇಡವಾಗಿತ್ತು.

ಸತ್ಯ: ಉಲ್ಟಾ. ಅವರ ಬಹುಮತವಿದ್ದ ಪ್ರತಿನಿಧಿ ಸಭೆ 2013ರ ಜುಲೈ 17ರಂದು ಅದೇ ಒಂದು ವರ್ಷದ ಮುಂದೂಡಿಕೆಯನ್ನು ಕಾನೂನಿನ ಮೂಲಕವೇ ಮಾಡುವ ಮಸೂದೆಯನ್ನು 264–161 ಮತಗಳಿಂದ ಅಂಗೀಕರಿಸಿತು. ಸಾಮಾನ್ಯರ ಮೇಲಿನ ದಂಡವನ್ನೂ ಮುಂದೂಡುವ ಇನ್ನೊಂದು ಮಸೂದೆ ಅದೇ ದಿನ ಪಾಸಾಯಿತು. ತಾನೇ ಮಾಡಿದ ಕೆಲಸಕ್ಕೆ ಕಾನೂನಿನ ಮುದ್ರೆ ಒತ್ತುವ ಮಸೂದೆಯನ್ನು ಶ್ವೇತಭವನ ಅನಗತ್ಯವೆಂದು ವಿರೋಧಿಸಿತು. ಮೇಲ್ಮನೆಯಾದ ಸೆನೆಟ್ ಎರಡನ್ನೂ ಕೈಗೆತ್ತಿಕೊಳ್ಳಲಿಲ್ಲ. ಜಗಳ ಇದ್ದದ್ದು ಮುಂದೂಡುವ ಅಧಿಕಾರ ಯಾರದು ಎಂಬುದರ ಬಗ್ಗೆ. ಅದರೊಳಗೆ ರಾಜಕೀಯ ಲೆಕ್ಕಾಚಾರವೂ ಧಾರಾಳವಾಗಿ ಬೆರೆತಿತ್ತು.

ತಪ್ಪು ಕಲ್ಪನೆ 6: ಮುಂದೂಡಿಕೆ ಅಕ್ರಮ ಎಂದು ನ್ಯಾಯಾಲಯ ತೀರ್ಪು ಕೊಟ್ಟಿತು.

ಸತ್ಯ: ಎರಡು ಸಂಗತಿಗಳು ಇಲ್ಲಿ ಕಲಸಿಹೋಗಿವೆ. ಸ್ಪೀಕರ್ ಜಾನ್ ಬೇನರ್ ಮುಂದಾಳುತನದಲ್ಲಿ ಪ್ರತಿನಿಧಿ ಸಭೆ 2014ರ ನವೆಂಬರ್‌ನಲ್ಲಿ ಆಡಳಿತದ ಮೇಲೆ ದಾವೆ ಹೂಡಿತು. ಅದರಲ್ಲಿ ಎರಡು ದೂರುಗಳಿದ್ದವು. ಒಂದು, ಕಂಪನಿಗಳ ದಂಡ ಮುಂದೂಡಿದ್ದು. ಇನ್ನೊಂದು, ಕಾಂಗ್ರೆಸ್ ಮಂಜೂರು ಮಾಡದ ಹಣವನ್ನು ವಿಮಾ ಕಂಪನಿಗಳಿಗೆ ಕೊಟ್ಟದ್ದು. 2015ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶೆ ರೋಸ್‌ಮೇರಿ ಕಾಲಿಯರ್, ಮೊದಲ ದೂರಿನ ಮಟ್ಟಿಗೆ ಸಭೆಗೆ ದಾವೆ ಹೂಡುವ ಹಕ್ಕೇ ಇಲ್ಲ ಎಂದು ಅದನ್ನು ವಜಾಗೊಳಿಸಿದರು. 2016ರಲ್ಲಿ ಸಭೆ ಗೆದ್ದದ್ದು ಹಣದ ವಿಚಾರದಲ್ಲಿ. ಮುಂದೂಡಿಕೆ ಸರಿಯೋ ತಪ್ಪೋ ಎಂದು ಆ ದಾವೆಯಲ್ಲಿ ತೀರ್ಮಾನವಾಗಲೇ ಇಲ್ಲ.

ತಪ್ಪು ಕಲ್ಪನೆ 7: ಆ ದಂಡವೆಲ್ಲ ಈಗ ರದ್ದಾಗಿದೆ.

ಸತ್ಯ: ಶೂನ್ಯಕ್ಕಿಳಿದದ್ದು ವ್ಯಕ್ತಿಗಳ ಮೇಲಿನ ದಂಡ. 2017ರ ತೆರಿಗೆ ಕಾಯ್ದೆಯಿಂದಾಗಿ 2019ರಿಂದ ಅದು ಇಲ್ಲ. ಕಂಪನಿಗಳ ಹೊಣೆ ಹಾಗೆಯೇ ಇದೆ. ಅಲ್ಲಿನ ದೊಡ್ಡ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರು 1095-ಸಿ ಎಂಬ ಫಾರಂ ನೋಡಿರುತ್ತಾರೆ. ಅದರ 14ನೇ ಸಾಲಿನಲ್ಲಿ ತಿಂಗಳುವಾರು ಸಂಕೇತಗಳಿರುತ್ತವೆ. ಕಂಪನಿ ಆ ತಿಂಗಳು ಎಂಥ ವಿಮೆ ಕೊಡಲು ಸಿದ್ಧವಿತ್ತು ಎಂಬುದನ್ನು ಅವು ತಿಳಿಸುತ್ತವೆ. 15ನೇ ಸಾಲಿನಲ್ಲಿ ಅತಿ ಅಗ್ಗದ ವಿಮೆಗೆ ನೌಕರ ತನ್ನ ಕೈಯಿಂದ ಕಟ್ಟಬೇಕಾದ ಮೊತ್ತವಿರುತ್ತದೆ. ಪ್ರತಿ ನೌಕರನ ಹೆಸರಿನಲ್ಲಿ ಹನ್ನೆರಡು ತಿಂಗಳಿಗೂ ಇಂಥ ಲೆಕ್ಕ ಕೊಡುವುದು ಕಷ್ಟ ಎಂದು ಕಂಪನಿಗಳು ಗೋಗರೆದದ್ದೇ 2013ರ ಮುಂದೂಡಿಕೆಗೆ ಸರ್ಕಾರ ಕೊಟ್ಟ ಕಾರಣ. 2024ರ ಡಿಸೆಂಬರ್‌ನಲ್ಲಿ ಬಂದ ಕಾನೂನಿನ ನಂತರ ಕಂಪನಿಗಳು ಈ ಫಾರಂ ಅನ್ನು ಎಲ್ಲರಿಗೂ ತಾವಾಗಿ ಕಳಿಸಬೇಕಿಲ್ಲ. ನೌಕರರು ಕೇಳಿದರೆ ಕೊಡಲೇಬೇಕು.

ಸಮಿತಿ ಪ್ರಶ್ನಿಸಿತು ಎಂಬ ಸುದ್ದಿ ಓದಿದ ಕೂಡಲೇ ನಿರ್ಧಾರ ನಿಂತಿತೆಂದು ತಿಳಿಯುವುದು ತಪ್ಪು; ಅದು ಬರೀ ನಾಟಕವೆಂದು ತಳ್ಳಿಹಾಕುವುದೂ ತಪ್ಪು. ಅಧಿಕಾರಿ ಕೊಟ್ಟ ಉತ್ತರವೇನು, ಮಸೂದೆ ಎರಡೂ ಸದನ ದಾಟಿತೇ ಎಂಬುದನ್ನು ನೋಡಿ. ಶಾಸಕಾಂಗದ ಹಿಡಿತ ಎಷ್ಟಿದೆ ಎಂಬುದು ಅಲ್ಲಿ ತಿಳಿಯುತ್ತದೆ.